ಅಮೆರಿಕದಲ್ಲಿ ಮನೆ ಬದಲಿಸುವಾಗ ಅಂಚೆ ವಿಳಾಸ: ಒಂದು ಡಾಲರಿನ ಕೆಲಸಕ್ಕೆ ಎಂಬತ್ತು ಕೇಳುವ ಸೈಟುಗಳನ್ನು ಗುರುತಿಸುವುದು ಹೇಗೆ?

ಹೊಸಬಾಗಿಲು (ಪ್ರಶ್ನೆ)

ಮುಂದಿನ ತಿಂಗಳ ಕೊನೆಗೆ ಟೆಕ್ಸಸ್‌ನ ಪ್ಲೇನೊ ಬಿಟ್ಟು ನ್ಯೂಜೆರ್ಸಿಯ ಎಡಿಸನ್‌ಗೆ ಹೋಗುತ್ತಿದ್ದೇವೆ. ಗಂಡ, ಹೆಂಡತಿ, ಒಂದು ಮಗು. ಎಚ್1ಬಿ (ಕೆಲಸದ ವೀಸಾ) ಮತ್ತು ಎಚ್4 (ಅವರ ಕುಟುಂಬದವರ ವೀಸಾ), ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದೆ. ಹಳೆ ಮನೆಗೆ ಬರುವ ಟಪಾಲು ಹೊಸ ಮನೆಗೆ ಬರುವಂತೆ ಮಾಡಲು ಗೂಗಲ್‌ನಲ್ಲಿ ಹುಡುಕಿದರೆ ಒಂದೇ ಥರದ ನಾಲ್ಕಾರು ಸೈಟು ಕಾಣುತ್ತವೆ. ಎಲ್ಲದರಲ್ಲೂ ನೀಲಿ ಪಟ್ಟಿ, ಟಪಾಲು ಪೆಟ್ಟಿಗೆಯ ಚಿತ್ರ, ಅದೇ ಫಾರಂ. ಒಂದರಲ್ಲಿ ಒಂದು ಡಾಲರ್ ಚಿಲ್ಲರೆ, ಇನ್ನೊಂದರಲ್ಲಿ ಎಂಬತ್ತರ ಹತ್ತಿರ. ಗೊತ್ತಿದ್ದವರನ್ನು ಕೇಳಿದರೆ ಪೂರ್ತಿ ಉಚಿತ ಅನ್ನುತ್ತಾರೆ. ಯಾವುದು ನಿಜ? ವಿಳಾಸದ ಕೊನೆಗೆ ಸರ್ಕಾರಿ ಸೈಟಿನ ಗುರುತಾದ ಡಾಟ್ ಗವ್ ಇರುವ ಸೈಟನ್ನು ಮಾತ್ರ ನಂಬಬೇಕು ಅಂತ ಕೇಳಿದ್ದೆ, ಆದರೆ ಅಂಚೆಯವರದ್ದು ಅಂತ ಬರುವ ಯಾವುದರಲ್ಲೂ ಡಾಟ್ ಗವ್ ಇಲ್ಲ. ಇದಲ್ಲದೆ ಇನ್ನೆಲ್ಲೆಲ್ಲಿ ವಿಳಾಸ ಬದಲಿಸಬೇಕು, ಅದಕ್ಕೆಲ್ಲ ದುಡ್ಡು ಕಟ್ಟಬೇಕೇ?

ಅಂಚೆಚೀಟಿ

ಮೊದಲು ಡಾಟ್ ಗವ್ ಗೊಂದಲ ತೀರಿಸೋಣ, ಹೆಚ್ಚಿನವರು ಸಿಕ್ಕಿಬೀಳುವುದೇ ಇಲ್ಲಿ. ಅಮೆರಿಕದ ಅಂಚೆ ಇಲಾಖೆ ಸರ್ಕಾರಿ ಸಂಸ್ಥೆಯೇ, ಆದರೂ ಅದರ ಸೈಟು ಯುಎಸ್‌ಪಿಎಸ್ ಡಾಟ್ ಕಾಮ್. ಡಾಟ್ ಗವ್ ನಿಯಮ ಬೇರೆ ಇಲಾಖೆಗಳಿಗೆ ಸರಿ, ಅಂಚೆಗೆ ನಡೆಯುವುದಿಲ್ಲ. ಅಂಚೆಯವರೇ ಡಾಟ್ ಕಾಮ್ ಬಳಸುವುದರಿಂದ ಪಕ್ಕದಲ್ಲಿ ಇನ್ನೊಂದು ಡಾಟ್ ಕಾಮ್ ಬಂದರೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಹೋಲುವ ಸೈಟಿನವರಿಗೆ ಅಷ್ಟು ಸಾಕು.

ಹಾಗಾಗಿ ಹುಡುಕಲೇ ಬೇಡಿ. ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಯುಎಸ್‌ಪಿಎಸ್ ಡಾಟ್ ಕಾಮ್ ಸ್ಲ್ಯಾಶ್ ಮೂವ್ ಅಂತ ಕೈಯಾರೆ ಟೈಪ್ ಮಾಡಿ. ಅಲ್ಲಿಂದ ಅದು ಮೂವರ್ಸ್‌ಗೈಡ್ ಡಾಟ್ ಯುಎಸ್‌ಪಿಎಸ್ ಡಾಟ್ ಕಾಮ್ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಆನ್‌ಲೈನ್‌ನಲ್ಲಿ ಅಂಚೆ ವಿಳಾಸ ಬದಲಿಸುವ ಅಧಿಕೃತ ಜಾಗ ಅದು.

ವಿಳಾಸ ಓದುವ ಕ್ರಮ ತಿಳಿದಿದ್ದರೆ ಯಾವ ಸೈಟನ್ನಾದರೂ ಪರೀಕ್ಷಿಸಬಹುದು. ಎಚ್‌ಟಿಟಿಪಿಎಸ್ ಆದ ಮೇಲಿನ ಎರಡು ಸ್ಲ್ಯಾಶ್ ಬಿಟ್ಟುಬಿಡಿ. ಅದರ ನಂತರ ಮೊದಲು ಬರುವ ಒಂಟಿ ಸ್ಲ್ಯಾಶ್ ಹುಡುಕಿ, ಅಲ್ಲಿಂದ ಹಿಂದಕ್ಕೆ ಅಂದರೆ ಎಡಕ್ಕೆ ಓದಿ. ಸ್ಲ್ಯಾಶ್‌ಗೆ ತಾಗಿ ಕಾಮ್, ಅದರ ಹಿಂದೆ ಯುಎಸ್‌ಪಿಎಸ್, ನಡುವೆ ಚುಕ್ಕೆ ಬಿಟ್ಟು ಬೇರೇನೂ ಇಲ್ಲ, ಯುಎಸ್‌ಪಿಎಸ್‌ಗೆ ತಾಗಿ ಎಡಕ್ಕೂ ಚುಕ್ಕೆ ಅಥವಾ ಆ ಎರಡು ಸ್ಲ್ಯಾಶ್ ಮಾತ್ರ ಇದೆ ಅಂದರೆ ಅಂಚೆಯವರದ್ದೇ. ಯುಎಸ್‌ಪಿಎಸ್ ಆದ ಮೇಲೆ ಅಡ್ಡಗೆರೆ ಹಾಕಿ ಅಡ್ರೆಸ್ ಚೇಂಜ್ ಅಂತ ಸೇರಿಸಿದ್ದರೆ ಅದು ಬೇರೆಯವರದ್ದು. ಯುಎಸ್‌ಪಿಎಸ್ ಡಾಟ್ ಕಾಮ್ ಅಂತ ಶುರುವಾಗಿ ಮತ್ತೆ ಚುಕ್ಕೆ ಬಂದು ಇನ್ನೊಂದು ಹೆಸರಿನಲ್ಲಿ ಮುಗಿದರೆ, ಆ ಕೊನೆಯ ಹೆಸರಿನವರದ್ದು. ಬೀಗದ ಚಿಹ್ನೆ ಇದೆ ಅಂತ ಸಮಾಧಾನಪಡಬೇಡಿ. ನಿಮ್ಮ ಮತ್ತು ಆ ಸೈಟಿನ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು ಎಂಬುದಷ್ಟೇ ಅದರ ಅರ್ಥ. ಸೈಟು ಯಾರದ್ದು, ಅವರು ಪ್ರಾಮಾಣಿಕರೇ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಈಗ ದುಡ್ಡಿನ ಮಾತು. ಉಚಿತ ಅನ್ನುವವರೂ ಸರಿ, ಒಂದು ಡಾಲರ್ ಚಿಲ್ಲರೆ ಅನ್ನುವವರೂ ಸರಿ. ಅಂಚೆ ಕಚೇರಿಗೆ ಹೋಗಿ 3575 ಸಂಖ್ಯೆಯ ಫಾರಂ ತುಂಬಿದರೆ ಒಂದು ಸೆಂಟೂ ಇಲ್ಲ. ಆನ್‌ಲೈನ್‌ನಲ್ಲಿ ಮಾಡಿದರೆ ಕಾರ್ಡಿನಿಂದ ಒಂದು ಡಾಲರ್ ಮತ್ತು ಕೆಲವು ಸೆಂಟು ತೆಗೆಯುತ್ತಾರೆ. ಒಂದು ಕಾಲಕ್ಕೆ 1.05 ಇತ್ತು, ಆಮೇಲೆ 1.10 ಆಯಿತು, ಹೀಗೆ ಸೆಂಟುಗಳ ಲೆಕ್ಕದಲ್ಲಿ ಏರುತ್ತದೆ. ಅದು ವಿಳಾಸ ಬದಲಾವಣೆಯ ಶುಲ್ಕವಲ್ಲ, ಗುರುತು ಪರಿಶೀಲನೆಗೆ. ಕಾರ್ಡಿನ ಬಿಲ್ಲಿಂಗ್ ವಿಳಾಸ ನಿಮ್ಮ ಹಳೆ ವಿಳಾಸಕ್ಕಾಗಲಿ ಹೊಸದಕ್ಕಾಗಲಿ ತಾಳೆಯಾಗಬೇಕು. ಬೇರೆಯವರು ನಿಮ್ಮ ಟಪಾಲನ್ನು ತಮ್ಮ ಮನೆಗೆ ತಿರುಗಿಸಿಕೊಳ್ಳದಿರಲಿ ಅಂತ ಈ ಏರ್ಪಾಡು. ಹಾಗಾಗಿ ಗೆಳೆಯರ ಕಾರ್ಡು, ಭಾರತದ ಕಾರ್ಡು, ಗಿಫ್ಟ್ ಕಾರ್ಡು ಇಲ್ಲಿ ನಡೆಯುವುದಿಲ್ಲ.

ಆ ನಲವತ್ತು, ಎಂಬತ್ತು, ನೂರು ಡಾಲರ್ ಕೇಳುವವರು ಮಧ್ಯವರ್ತಿಗಳು. ಅವರ ಪುಟವನ್ನು ಕೆಳಗಿನ ತುದಿವರೆಗೆ ಎಳೆಯಿರಿ. ತಿಳಿಬೂದು ಬಣ್ಣದಲ್ಲಿ, ಓದಲು ಕಣ್ಣು ಕಿರಿದು ಮಾಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ನಾವು ಖಾಸಗಿ ಕಂಪನಿ, ಸರ್ಕಾರಕ್ಕೂ ನಮಗೂ ಸಂಬಂಧವಿಲ್ಲ ಅಂತ ಬರೆದಿರುತ್ತಾರೆ. ಆ ಒಂದು ಸಾಲಿನ ಬಲದ ಮೇಲೆಯೇ ತಮ್ಮದು ಮೋಸವಲ್ಲ, ಸೇವೆ ಅಂತ ವಾದಿಸುವುದು. ಬೆಲೆಯನ್ನು ಮೊದಲ ಪುಟದಲ್ಲಿ ಹೇಳುವುದಿಲ್ಲ. ಹೆಸರು, ಎರಡೂ ವಿಳಾಸ, ಫೋನು, ಇಮೇಲು ಎಲ್ಲ ತುಂಬಿಸಿಕೊಂಡು ಕಾರ್ಡಿನ ಪುಟದಲ್ಲಿ ಹೇಳುತ್ತಾರೆ. ಅಷ್ಟೊತ್ತಿಗೆ ಇಷ್ಟು ಮಾಡಿದ ಮೇಲೆ ಮುಗಿಸಿಬಿಡೋಣ ಅನ್ನಿಸಿರುತ್ತದೆ. ಕೆಲವರು ಅಲ್ಲೇ ತಿಂಗಳ ಚಂದಾ ಒಂದಕ್ಕೆ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಇನ್ನೊಂದು ಗುರುತು: ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳಿದರೆ ಆ ಕ್ಷಣವೇ ಪುಟ ಮುಚ್ಚಿ. ವಿಳಾಸ ಬದಲಿಸಲು ಅಂಚೆಯವರು ಅದನ್ನು ಕೇಳುವುದಿಲ್ಲ.

ಗೂಗಲ್‌ನಲ್ಲಿ ಇವರು ಮೇಲೆ ಕಾಣಲು ಕಾರಣ ಜಾಹೀರಾತು. ಫಲಿತಾಂಶದ ಪಕ್ಕ ಸ್ಪಾನ್ಸರ್ಡ್ ಅಂತ ಇದ್ದರೆ ಆ ಜಾಗಕ್ಕೆ ಯಾರೋ ದುಡ್ಡು ಕೊಟ್ಟಿದ್ದಾರೆ ಎಂದರ್ಥ. ಒಂದು ಡಾಲರಿನ ಕೆಲಸಕ್ಕೆ ಎಂಬತ್ತು ಸಿಗುವುದರಿಂದ ಅವರಿಗೆ ಪ್ರತಿ ಕ್ಲಿಕ್‌ಗೂ ಧಾರಾಳವಾಗಿ ಕೊಡಲು ಗಿಟ್ಟುತ್ತದೆ.

ಮೂರುದಾರಿ

ಮೇಲಿನದ್ದೆಲ್ಲ ಸರಿ. ಫಾರಂ ತುಂಬುವಾಗ ನಮ್ಮವರಿಗೆ ವಿಶೇಷವಾಗಿ ಬರುವ ತೊಂದರೆ ಬೇರೆ ಇದೆ. ಅಧಿಕೃತ ಸೈಟಿನಲ್ಲೇ ಮಾಡಿದರೂ ಅರ್ಧ ಮನೆಯ ಟಪಾಲು ಹಳೆ ವಿಳಾಸಕ್ಕೇ ಹೋಗುವುದು ಇದರಿಂದ.

ಮೊದಲ ಪುಟದಲ್ಲೇ ಇಂಡಿವಿಜುವಲ್, ಫ್ಯಾಮಿಲಿ, ಬಿಸಿನೆಸ್ ಅಂತ ಮೂರು ಆಯ್ಕೆ. ಫ್ಯಾಮಿಲಿ ಅಂದರೆ ಅಂಚೆಯವರ ಲೆಕ್ಕದಲ್ಲಿ ಒಂದೇ ಲಾಸ್ಟ್ ನೇಮ್ ಇರುವವರು. ಕನ್ನಡಿಗರ ಮನೆಯಲ್ಲಿ ಅದು ಒಂದೇ ಇರುವುದು ಅಪರೂಪ. ಗಂಡ ರಮೇಶ ಶಿವಣ್ಣ, ಹೆಂಡತಿ ಸುಧಾ ರಾಮಯ್ಯ, ಮಗಳು ಅನನ್ಯ ರಮೇಶ ಅಂದುಕೊಳ್ಳಿ. ಗಂಡ ಫ್ಯಾಮಿಲಿ ಒತ್ತಿದರೆ ಶಿವಣ್ಣ ಎಂಬ ಲಾಸ್ಟ್ ನೇಮಿನ ಟಪಾಲು ಮಾತ್ರ ಹೊಸ ಮನೆಗೆ ಬರುತ್ತದೆ. ಸುಧಾ ರಾಮಯ್ಯ ಅವರ ಬ್ಯಾಂಕ್ ಕಾರ್ಡು, ಅನನ್ಯಳ ಆಸ್ಪತ್ರೆ ಬಿಲ್ಲು ಪ್ಲೇನೊದಲ್ಲೇ ಉಳಿಯುತ್ತವೆ. ಮೂವರಿಗೂ ಇಂಡಿವಿಜುವಲ್ ಅಂತ ಬೇರೆ ಬೇರೆ ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಪ್ರತಿ ಅರ್ಜಿಗೂ ಆ ಒಂದು ಡಾಲರ್ ಚಿಲ್ಲರೆ ಬೇರೆ. ಅಂಚೆ ಕಚೇರಿಯಲ್ಲಾದರೆ ಮೂರು ಫಾರಮಿಗೂ ಉಚಿತ. ಹೋಲುವ ಸೈಟಿನಲ್ಲಿ ಇದೇ ಮೂರು ಅರ್ಜಿಗೆ ಇನ್ನೂರು ಡಾಲರ್ ದಾಟುತ್ತದೆ.

ಎರಡನೆಯದು ಇನಿಷಿಯಲ್ಲು ಮತ್ತು ಎಫ್ಎನ್‌ಯು, ಅಂದರೆ ಫಸ್ಟ್ ನೇಮ್ ಅನ್‌ನೋನ್ (ಮೊದಲ ಹೆಸರು ತಿಳಿದಿಲ್ಲ). ಪಾಸ್‌ಪೋರ್ಟಿನಲ್ಲಿ ಹೆಸರು ಎರಡು ಭಾಗವಾಗಿ ಇಲ್ಲದಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್ಎನ್‌ಯು ಅಂತ ಬಂದಿರುತ್ತದೆ. ಅದೇ ಲೈಸೆನ್ಸಿಗೂ ಹೋಗುತ್ತದೆ. ಬ್ಯಾಂಕಿನವರು ಮಂಜುನಾಥ ಆರ್ ಅಂತ ಬರೆಯುತ್ತಾರೆ, ಇನ್ಶೂರೆನ್ಸಿನವರು ಎಫ್ಎನ್‌ಯು ಮಂಜುನಾಥ ಅಂತ. ಟಪಾಲು ತಿರುಗಿಸುವುದು ಹೆಸರು ಮತ್ತು ವಿಳಾಸ ಎರಡನ್ನೂ ತಾಳೆ ನೋಡಿ. ಲಾಸ್ಟ್ ನೇಮ್ ಒಂದರಲ್ಲಿ ಆರ್, ಇನ್ನೊಂದರಲ್ಲಿ ಮಂಜುನಾಥ ಆದರೆ ಅವು ಇಬ್ಬರು ಬೇರೆ ವ್ಯಕ್ತಿಗಳು. ಕಳೆದ ಎರಡು ಮೂರು ತಿಂಗಳ ಲಕೋಟೆಗಳನ್ನು ಮುಂದಿಟ್ಟುಕೊಂಡು ಅವುಗಳ ಮೇಲೆ ಹೆಸರು ಹೇಗೆ ಅಚ್ಚಾಗಿದೆ ನೋಡಿ. ಮುಖ್ಯವಾದ ಪ್ರತಿ ರೂಪಕ್ಕೂ ಒಂದು ಫಾರಂ ಹಾಕಿ.

ಇನ್ನು ಎಲ್ಲಿ ತಡೆಯುತ್ತದೆ ಅಂದರೆ, ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಆನ್‌ಲೈನ್ ಪರಿಶೀಲನೆ ಪಾಸಾಗದಿರುವುದು ಸಾಮಾನ್ಯ. ಫೋನು, ಕಾರ್ಡು, ವಿಳಾಸ ಮೂರೂ ಒಂದೇ ಹೆಸರಿಗೆ ಹೊಂದಿಕೊಂಡಿರುವುದಿಲ್ಲ. ಅಧಿಕೃತ ಸೈಟು ಆಗುವುದಿಲ್ಲ ಅಂದಾಗ ಮತ್ತೆ ಗೂಗಲ್‌ಗೆ ಹೋಗಿ, ಆಗುತ್ತದೆ ಅನ್ನುವ ಸೈಟಿಗೆ ಎಂಬತ್ತು ಕಟ್ಟುವವರಿದ್ದಾರೆ. ಆಗ ಮಾಡಬೇಕಾದದ್ದು ಅಂಚೆ ಕಚೇರಿಗೆ ಹೋಗುವುದು. ಕೌಂಟರಿನಲ್ಲಿ ಮೂವರ್ಸ್ ಗೈಡ್ ಲಕೋಟೆ ಕೇಳಿ, ಫಾರಂ ಅದರೊಳಗಿರುತ್ತದೆ. 2023ರಿಂದ ಕೌಂಟರಿನಲ್ಲೂ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ಬರಿದೇ ಫಾರಂ ತುಂಬಿ ಡಬ್ಬಿಗೆ ಹಾಕಿದರೆ ನಡೆಯುವುದಿಲ್ಲ. ಲೈಸೆನ್ಸಿನ ಜೊತೆ ಮನೆ ಬಾಡಿಗೆ ಕರಾರಿನ ಪ್ರತಿಯೂ ಕೈಯಲ್ಲಿರಲಿ, ವಿಳಾಸಕ್ಕೆ ಪುರಾವೆ ಕೇಳಿದರೆ ಇನ್ನೊಮ್ಮೆ ಹೋಗುವುದು ತಪ್ಪುತ್ತದೆ.

ಹೊರಡುವ ಎರಡು ವಾರ ಮೊದಲೇ ಹಾಕಿ, ಶುರುವಾಗುವ ದಿನಾಂಕ ನೀವೇ ಬರೆಯಬಹುದು. ಸಾಮಾನ್ಯ ಕಾಗದ ಮತ್ತು ಪ್ರಯಾರಿಟಿ ಮೇಲ್ 12 ತಿಂಗಳು ಹೊಸ ಮನೆಗೆ ಬರುತ್ತವೆ, ಪತ್ರಿಕೆಗಳು 60 ದಿನ. ಅಂಗಡಿಗಳ ಜಾಹೀರಾತು ಟಪಾಲು ಬರುವುದಿಲ್ಲ, ಅದು ಬರದಿದ್ದರೆ ನಷ್ಟವೂ ಇಲ್ಲ.

ಹೊಸಬಾಗಿಲು

ಲಾಸ್ಟ್ ನೇಮ್ ವಿಷಯ ಹೇಳಿದ್ದು ತುಂಬಾ ಉಪಯೋಗವಾಯಿತು, ನಮ್ಮ ಮನೆಯಲ್ಲೂ ಮೂವರದ್ದು ಮೂರು. ಇನ್ನೊಂದು ಪ್ರಶ್ನೆ. ಪರಿಚಯದವರೊಬ್ಬರು ಹೋದ ವಾರ ಇಂಥ ಸೈಟೊಂದಕ್ಕೆ ಕಾರ್ಡಿನಿಂದ ಕಟ್ಟಿಬಿಟ್ಟಿದ್ದಾರೆ. ದುಡ್ಡು ವಾಪಸ್ ಬರುವ ದಾರಿ ಇದೆಯೇ? ವಿಳಾಸ ನಿಜವಾಗಿ ಬದಲಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಲೆಕ್ಕಪತ್ರ

ಎರಡನೆಯದನ್ನು ಮೊದಲು ನೋಡಬೇಕು. ಅಂಚೆಯವರಿಗೆ ನಿಜವಾಗಿ ಅರ್ಜಿ ಮುಟ್ಟಿದ್ದರೆ ಎರಡು ಕಾಗದ ಬರುತ್ತವೆ. ಹಳೆ ವಿಳಾಸಕ್ಕೆ, ಇಲ್ಲಿಂದ ವಿಳಾಸ ಬದಲಿಸಲು ಕೋರಿಕೆ ಬಂದಿದೆ, ಅದು ನಿಮ್ಮದಲ್ಲದಿದ್ದರೆ ತಿಳಿಸಿ ಅಂತ ಒಂದು. ಹೊಸ ವಿಳಾಸಕ್ಕೆ ಖಚಿತಪಡಿಸುವ ಕಾಗದ, ಅದರಲ್ಲಿ ಕನ್ಫರ್ಮೇಶನ್ ಕೋಡ್. ಶುರುವಾಗುವ ದಿನಾಂಕ ದಾಟಿ ಎರಡು ವಾರವಾದರೂ ಹೊಸ ವಿಳಾಸಕ್ಕೆ ಅಂಥದ್ದು ಬರಲಿಲ್ಲ ಅಂದರೆ ಆ ಸೈಟಿನವರು ಏನೂ ಮಾಡಿಲ್ಲ ಅಂತಲೇ ಇಟ್ಟುಕೊಂಡು ಅಂಚೆ ಕಚೇರಿಗೆ ಹೋಗಿ ಕೇಳಲಿ. ಇಂಥ ಸೈಟುಗಳಲ್ಲಿ ಕೆಲವು ತಾವೇ ಅರ್ಜಿ ಹಾಕುವುದಾಗಿ ಹೇಳುತ್ತವೆ. ಕೆಲವು ಅಂಚೆಯವರು ಉಚಿತವಾಗಿ ಕೊಡುವ ಮಾಹಿತಿಯನ್ನೇ ಪಿಡಿಎಫ್ ಮಾಡಿ ಇಮೇಲಿಗೆ ಕಳಿಸಿ, ಸೇವೆ ಮುಗಿಯಿತು ಅನ್ನುತ್ತವೆ. ಸೈಟಿನಿಂದ ಬಂದ ಆರ್ಡರ್ ನಂಬರು ಅಂಚೆಯವರ ಕೋಡ್ ಅಲ್ಲ. ಆ ನಂಬರು ಹಿಡಿದುಕೊಂಡು ಹೋದರೆ ಕೌಂಟರಿನಲ್ಲಿ ಏನೂ ಸಿಗುವುದಿಲ್ಲ.

ಅರ್ಜಿ ಹೋಗಿದ್ದು ಅದರಲ್ಲಿ ಹೆಸರೋ ಅಪಾರ್ಟ್‌ಮೆಂಟ್ ಸಂಖ್ಯೆಯೋ ತಪ್ಪಿದ್ದರೆ, ಆ ಕನ್ಫರ್ಮೇಶನ್ ಕೋಡ್ ಬಳಸಿ ಅಧಿಕೃತ ಸೈಟಿನಲ್ಲೇ ತಿದ್ದಬಹುದು ಅಥವಾ ರದ್ದು ಮಾಡಬಹುದು. ಅದರ ಮೇಲೆ ಇನ್ನೊಂದು ಹೊಸ ಅರ್ಜಿ ಹಾಕಬೇಡಿ. ಒಂದೇ ಹೆಸರಿಗೆ ಎರಡು ಆದೇಶ ಇದ್ದರೆ ಟಪಾಲು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ.

ದುಡ್ಡು ವಾಪಸ್ ಪಡೆಯುವುದಕ್ಕೆ: ಇಂದೇ ಆ ಸೈಟಿಗೆ ಇಮೇಲ್ ಬರೆದು ರದ್ದು ಮಾಡಿ, ಹಣ ಹಿಂದಿರುಗಿಸಿ ಅಂತ ಕೇಳಲಿ. ಫೋನಿನಲ್ಲಿ ಮಾತಾಡಿದರೆ ಗುರುತು ಉಳಿಯುವುದಿಲ್ಲ, ಬರಹದಲ್ಲೇ ಇರಬೇಕು. ಸೈಟಿನ ಮೊದಲ ಪುಟ, ಬೆಲೆ ತೋರಿಸಿದ ಪುಟ, ಷರತ್ತುಗಳ ಪುಟ, ಗೂಗಲ್‌ನಲ್ಲಿ ಕಂಡ ಜಾಹೀರಾತು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಲಿ, ಇಂಥ ಪುಟಗಳು ಬೇಗ ಬದಲಾಗುತ್ತವೆ. ಅವರು ಒಪ್ಪದಿದ್ದರೆ ಕಾರ್ಡ್ ಕಂಪನಿಗೆ ಡಿಸ್ಪ್ಯೂಟ್, ಅಂದರೆ ಆ ಚಾರ್ಜಿನ ಮೇಲೆ ತಕರಾರು. ಅಲ್ಲಿ ನಾನು ಈ ಚಾರ್ಜು ಮಾಡಿಯೇ ಇಲ್ಲ ಅಂತ ಹೇಳಬಾರದು, ಅದು ಸುಳ್ಳಾಗುತ್ತದೆ ಮತ್ತು ಕೇಸು ಅಲ್ಲೇ ಬಿದ್ದುಹೋಗುತ್ತದೆ. ಸರ್ಕಾರಿ ಅಂಚೆ ಸೇವೆ ಎಂದು ನಂಬುವಂತೆ ತೋರಿಸಿ ಹಣ ಪಡೆದಿದ್ದಾರೆ, ಹೇಳಿದ ಸೇವೆ ಕೊಟ್ಟಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಕ್ರೆಡಿಟ್ ಕಾರ್ಡಾದರೆ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆ್ಯಕ್ಟ್ ಪ್ರಕಾರ, ಆ ಚಾರ್ಜು ಇರುವ ಮೊದಲ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಲಿಖಿತವಾಗಿ ತಿಳಿಸಬೇಕು. ಬ್ಯಾಂಕು 30 ದಿನದಲ್ಲಿ ಸ್ವೀಕೃತಿ ಕೊಟ್ಟು, ಎರಡು ಬಿಲ್ಲಿಂಗ್ ಅವಧಿಯೊಳಗೆ, ಹೆಚ್ಚೆಂದರೆ 90 ದಿನದಲ್ಲಿ, ತೀರ್ಮಾನ ಹೇಳಬೇಕು. ಡೆಬಿಟ್ ಕಾರ್ಡಿಗೆ ಇಷ್ಟು ಬಲವಾದ ರಕ್ಷಣೆ ಇಲ್ಲ, ಏಕೆಂದರೆ ನೀವೇ ಒಪ್ಪಿ ಕೊಟ್ಟ ಹಣ ಅದು.

ಚಂದಾ ಇದೆಯೇ ಅಂತಲೂ ನೋಡಬೇಕು. ಕಾರ್ಡ್ ನಂಬರು ಬದಲಿಸಿಬಿಟ್ಟರೆ ಸಾಕು ಅಂದುಕೊಳ್ಳುತ್ತಾರೆ, ಸಾಲದು. ಚಂದಾ ವಸೂಲಿ ಮಾಡುವವರಿಗೆ ಹೊಸ ನಂಬರು ತಾನಾಗಿ ತಲುಪುವ ವ್ಯವಸ್ಥೆ ಕಾರ್ಡ್ ಜಾಲಗಳಲ್ಲೇ ಇದೆ. ಈ ವ್ಯಾಪಾರಿಯ ಮುಂದಿನ ಚಾರ್ಜುಗಳನ್ನು ತಡೆಯಿರಿ ಅಂತ ಬ್ಯಾಂಕಿಗೆ ಬಿಡಿಸಿ ಹೇಳಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರನ್ನೂ ಕೊಟ್ಟಿದ್ದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ದಾಖಲೆ ಸಂಸ್ಥೆಗಳಲ್ಲೂ ಕ್ರೆಡಿಟ್ ಫ್ರೀಜ್ ಹಾಕಲಿ, ಆಗ ಅವರ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯುವುದು ಕಷ್ಟ. 2018ರಿಂದ ದೇಶದಾದ್ಯಂತ ಅದು ಉಚಿತ. ಅದಕ್ಕೂ ದುಡ್ಡು ಕೇಳುವವರು ಮತ್ತೆ ಮಧ್ಯವರ್ತಿಗಳೇ.

ದೂರು ಕೊಡಬೇಕಾದದ್ದು ಎರಡು ಕಡೆ. ಅಂಚೆ ತನಿಖಾ ವಿಭಾಗ, ಅವರ ಫೋನು 1-877-876-2455. ಇನ್ನೊಂದು ಫೆಡರಲ್ ಟ್ರೇಡ್ ಕಮಿಷನ್, ರಿಪೋರ್ಟ್‌ಫ್ರಾಡ್ ಡಾಟ್ ಎಫ್‌ಟಿಸಿ ಡಾಟ್ ಗವ್. ಇವರು ನಿಮ್ಮ ಎಂಬತ್ತು ಡಾಲರ್ ತಂದುಕೊಡುವುದಿಲ್ಲ. ಆದರೆ ಒಂದೇ ಸೈಟಿನ ಮೇಲೆ ದೂರುಗಳು ಸೇರಿದಾಗಲೇ ಕ್ರಮ ಶುರುವಾಗುವುದು, ಆದ್ದರಿಂದ ಬಿಡಬೇಡಿ.

ವೀಸಾವಿಚಾರ

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ ಬಾಕಿ ಇದೆ, ನಿಮ್ಮ ವೀಸಾ ಸ್ಥಿತಿಗೆ ಅದೇ ಹೆಚ್ಚು ಮುಖ್ಯ. ಅಂಚೆಯಲ್ಲಿ ವಿಳಾಸ ಬದಲಿಸಿದರೆ ಇಮಿಗ್ರೇಶನ್ ಇಲಾಖೆಯಲ್ಲಿ, ಅಂದರೆ ಯುಎಸ್‌ಸಿಐಎಸ್‌ನಲ್ಲಿ, ಬದಲಾಗುವುದಿಲ್ಲ. ಯುಎಸ್‌ಸಿಐಎಸ್ ಕಳಿಸುವ ಕಾಗದ, ಕಾರ್ಡುಗಳು ಹೊಸ ಮನೆಗೆ ತಿರುಗಿ ಬರುತ್ತವೆ ಅಂತ ನೆಚ್ಚಿಕೊಳ್ಳುವ ಹಾಗೂ ಇಲ್ಲ. ಕಳಿಸುವವರು ಲಕೋಟೆಯ ಮೇಲೆ ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್ ಅಂತ ಅಚ್ಚು ಹಾಕಿದ್ದರೆ ಅಂಚೆಯವರು ಅದನ್ನು ಮುಂದಕ್ಕೆ ಕಳಿಸದೆ ಹಿಂದಕ್ಕೆ ಕಳಿಸುತ್ತಾರೆ.

ಮನೆ ಬದಲಿಸಿದ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ಎಆರ್-11 ಎಂಬ ವಿಳಾಸ ಬದಲಾವಣೆಯ ಫಾರಂ ಸಲ್ಲಿಸಬೇಕು. ಶುಲ್ಕ ಸೊನ್ನೆ. ಅದಕ್ಕೂ ದುಡ್ಡು ಕೇಳುವ ಸೈಟುಗಳಿವೆ. ಇಲ್ಲಿ ಡಾಟ್ ಗವ್ ನಿಯಮ ಪೂರ್ತಿ ನಡೆಯುತ್ತದೆ: ಯುಎಸ್‌ಸಿಐಎಸ್ ಡಾಟ್ ಗವ್ ಸ್ಲ್ಯಾಶ್ ಅಡ್ರೆಸ್‌ಚೇಂಜ್. ಉಚಿತ ಆನ್‌ಲೈನ್ ಖಾತೆ ತೆರೆದು ಅದರೊಳಗಿಂದ ಮಾಡಿ. 2023ರ ಅಕ್ಟೋಬರಿನಿಂದ ಅಲ್ಲಿ ಒಮ್ಮೆ ತುಂಬಿದರೆ ಎಆರ್-11 ಜೊತೆಗೆ ಬಾಕಿ ಇರುವ ಅರ್ಜಿಗಳಲ್ಲೂ ವಿಳಾಸ ಬದಲಾಗುತ್ತದೆ, ಆದರೆ ಪ್ರತಿ ಅರ್ಜಿಯ ರಸೀತಿ ಸಂಖ್ಯೆಯನ್ನೂ ನೀವು ಸೇರಿಸಬೇಕು. ಗ್ರೀನ್ ಕಾರ್ಡ್ ಅರ್ಜಿ, ಕೆಲಸದ ಪರ್ಮಿಟ್, ಪ್ರಯಾಣದ ಪರ್ಮಿಟ್ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಒಂದು ಬಿಟ್ಟುಹೋದರೆ ಆ ಒಂದು ಕಾರ್ಡು ಮಾತ್ರ ಹಳೆ ಮನೆಗೆ ಹೋಗುತ್ತದೆ. ಗಂಡ, ಹೆಂಡತಿ, ಮಗು ಮೂವರಿಗೂ ಪ್ರತ್ಯೇಕ. ಮಗುವಿನದ್ದನ್ನು ಮರೆಯುವವರೇ ಹೆಚ್ಚು. ವಕೀಲರಿದ್ದರೆ ಅವರಿಗೂ ತಿಳಿಸಿ.

ನೀವು ಪ್ಲೇನೊದಿಂದ ಎಡಿಸನ್‌ಗೆ ಹೋಗುತ್ತಿರುವುದರಿಂದ ಇನ್ನೊಂದು ಮಾತು. ಎಚ್1ಬಿಯಲ್ಲಿ ಕೆಲಸ ಮಾಡುವ ಸ್ಥಳ ಬೇರೆ ಮಹಾನಗರ ಪ್ರದೇಶಕ್ಕೆ ಹೋದರೆ, ಮನೆಯಿಂದಲೇ ಕೆಲಸ ಮಾಡುವವರಿಗೂ ಸೇರಿ, ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು, ಅದೂ ನೀವು ಅಲ್ಲಿ ಕೆಲಸ ಶುರುಮಾಡುವ ಮೊದಲು. ಎಆರ್-11 ಅದರ ಬದಲಿಗೆ ಆಗುವುದಿಲ್ಲ. ಎಚ್ಆರ್‌ಗೆ ಇವತ್ತೇ ಬರೆಯಿರಿ.

ಓದುವ ಬೇರೆಯವರಿಗೆ: ಎಫ್1 ವೀಸಾದ ವಿದ್ಯಾರ್ಥಿಗಳು ಕಾಲೇಜಿನ ಡಿಎಸ್ಒಗೆ (ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡುವ ಅಧಿಕಾರಿ) 10 ದಿನದೊಳಗೆ ತಿಳಿಸಬೇಕು. ಸಿಟಿಜನ್ ಆಗಿ ಅಪ್ಪ ಅಮ್ಮನಿಗೆ ಐ-864 ಫಾರಮಿನಲ್ಲಿ ಪ್ರಾಯೋಜನೆ (ಅವರ ಖರ್ಚಿನ ಹೊಣೆ) ಕೊಟ್ಟವರು ತಾವು ಮನೆ ಬದಲಿಸಿದ 30 ದಿನದೊಳಗೆ ಐ-865 ಎಂಬ ಪ್ರಾಯೋಜಕರ ವಿಳಾಸ ಬದಲಾವಣೆ ಫಾರಂ ಕಳಿಸಬೇಕು, ಉಚಿತ. ಸಿಟಿಜನ್ ಆದ ಮೇಲೆ ವಿಳಾಸ ತಿಳಿಸುವ ಕೆಲಸವೇ ಇಲ್ಲ ಅಂದುಕೊಂಡವರಿಗೆ ಇದು ಗೊತ್ತಿರುವುದಿಲ್ಲ.

ತೆರಿಗೆ ಇಲಾಖೆಗೆ 8822 ಫಾರಂ, ಐಆರ್‌ಎಸ್ ಡಾಟ್ ಗವ್‌ನಿಂದ ಇಳಿಸಿಕೊಂಡು ಸಹಿ ಹಾಕಿ ಅಂಚೆಯಲ್ಲಿ ಕಳಿಸುವುದು, ದಾಖಲಾಗಲು ನಾಲ್ಕರಿಂದ ಆರು ವಾರ. ಜಂಟಿಯಾಗಿ ರಿಟರ್ನ್ ಹಾಕಿದ್ದರೆ ಇಬ್ಬರ ಸಹಿಯೂ ಬೇಕು.

ಲೈಸೆನ್ಸಿನ ವಿಷಯದಲ್ಲಿ ಹೋಲುವ ಸೈಟುಗಳ ಕಾಟ ಅಂಚೆಗಿಂತ ಹೆಚ್ಚು. ಎಲ್ಲರೂ ಡಿಎಂವಿ (ಡಿಪಾರ್ಟ್‌ಮೆಂಟ್ ಆಫ್ ಮೋಟರ್ ವೆಹಿಕಲ್ಸ್) ಅಂತ ಹುಡುಕುತ್ತಾರೆ, ಆದರೆ ಆ ಹೆಸರಿನ ಇಲಾಖೆ ಎಲ್ಲ ರಾಜ್ಯದಲ್ಲೂ ಲೈಸೆನ್ಸ್ ಕೊಡುವುದಿಲ್ಲ. ಟೆಕ್ಸಸ್‌ನಲ್ಲಿ ಲೈಸೆನ್ಸು ಡಿಪಾರ್ಟ್‌ಮೆಂಟ್ ಆಫ್ ಪಬ್ಲಿಕ್ ಸೇಫ್ಟಿಯ ಕೆಲಸ, ನ್ಯೂಜೆರ್ಸಿಯಲ್ಲಿ ಮೋಟರ್ ವೆಹಿಕಲ್ ಕಮಿಷನ್, ಇಲಿನಾಯ್‌ನಲ್ಲಿ ಸೆಕ್ರೆಟರಿ ಆಫ್ ಸ್ಟೇಟ್, ಮ್ಯಾಸಚೂಸೆಟ್ಸ್‌ನಲ್ಲಿ ರಿಜಿಸ್ಟ್ರಿ. ಹೆಸರು ಗೊತ್ತಿಲ್ಲದೆ ಡಿಎಂವಿ ಅಂತ ಹುಡುಕಿದವರು ಮೊದಲು ಸಿಗುವ ಖಾಸಗಿ ಸೈಟಿನ ಕೈಗೆ ಸಿಗುತ್ತಾರೆ. ರಾಜ್ಯದ ಡಾಟ್ ಗವ್ ಮುಖಪುಟದಿಂದ ಒಳಗೆ ಹೋಗಿ. ನಿಮ್ಮದು ರಾಜ್ಯವೇ ಬದಲಾಗುವುದರಿಂದ ಇದು ವಿಳಾಸ ಬದಲಾವಣೆಯಲ್ಲ, ಹೊಸ ಲೈಸೆನ್ಸು. ನ್ಯೂಜೆರ್ಸಿಯಲ್ಲಿ ಅದಕ್ಕೆ 60 ದಿನ ಕೊಡುತ್ತಾರೆ.

ಅಂಚೆಚೀಟಿ

ಒಂದು ಸೇರ್ಪಡೆ. ಮನೆ ಬದಲಿಸಿದ ಮೇಲೆ, ನಿಮ್ಮ ಪಾರ್ಸೆಲ್ ವಿಳಾಸ ಅಪೂರ್ಣವಾಗಿದೆ, ಈ ಲಿಂಕಿನಲ್ಲಿ ಸರಿಪಡಿಸಿ ಅಂತ ಮೆಸೇಜು ಬರುವ ಸಂಭವ ಹೆಚ್ಚು, ಅದೇ ಹೊತ್ತಿಗೆ ಬಂದದ್ದರಿಂದ ನಂಬಿಕೆಯೂ ಹುಟ್ಟುತ್ತದೆ. ನೀವು ಕೇಳಿಕೊಳ್ಳದೆ ಅಂಚೆಯವರು ಮೆಸೇಜು ಕಳಿಸುವುದಿಲ್ಲ. ಲಿಂಕ್ ಒತ್ತದೆ, ಮೋಸದ ಮೆಸೇಜು ವರದಿ ಮಾಡುವ 7726 ಸಂಖ್ಯೆಗೆ ಫಾರ್ವರ್ಡ್ ಮಾಡಿ, ಅಳಿಸಿ.

ಇನ್‌ಫಾರ್ಮ್ಡ್ ಡೆಲಿವರಿ ಅಂತ ಅಂಚೆಯವರದ್ದೇ ಉಚಿತ ಸೇವೆ ಇದೆ. ಹೊಸ ವಿಳಾಸಕ್ಕೆ ಅದನ್ನು ಹಾಕಿಸಿಕೊಂಡರೆ ಅಂದು ಬರಲಿರುವ ಲಕೋಟೆಗಳ ಮುಖದ ಚಿತ್ರ ಬೆಳಿಗ್ಗೆ ಇಮೇಲಿಗೆ ಬರುತ್ತದೆ. ಯಾರ ಹೆಸರಿನ ಟಪಾಲು ತಿರುಗಿ ಬರುತ್ತಿದೆ, ಯಾರದ್ದು ಬರುತ್ತಿಲ್ಲ ಅಂತ ವಾರದೊಳಗೆ ಗೊತ್ತಾಗುತ್ತದೆ.

ಹೊಸಬಾಗಿಲು

ಎಲ್ಲರಿಗೂ ಧನ್ಯವಾದ. ಎಚ್ಆರ್‌ಗೆ ಈಗಲೇ ಬರೆಯುತ್ತೇನೆ. ಡಿಸೆಂಬರಿನಲ್ಲಿ ಐದು ವಾರ ಊರಿಗೆ ಹೋಗುವುದಿದೆ, ಆಗಲೂ ಇದೇ ಫಾರಮಾ?

ಮೂರುದಾರಿ

30 ದಿನದವರೆಗೆ ಹೋಲ್ಡ್ ಮೇಲ್ ಸಾಕು, ಟಪಾಲನ್ನು ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳುತ್ತಾರೆ. ಅದೂ ಯುಎಸ್‌ಪಿಎಸ್ ಡಾಟ್ ಕಾಮ್‌ನಲ್ಲೇ, ಉಚಿತ. ಆದರೆ ಐದು ವಾರ ಅಂದರೆ 35 ದಿನ, ಮಿತಿ ಮೀರುತ್ತದೆ. ಹತ್ತಿರದ ಸ್ನೇಹಿತರ ಮನೆಗೆ ಟೆಂಪರರಿ ಅಂತ ಆಯ್ಕೆ ಮಾಡಿ ವಿಳಾಸ ಬದಲಾವಣೆ ಹಾಕಿ. ಕನಿಷ್ಠ 15 ದಿನ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಹಾಕಬಹುದು. ಆಗಲೂ ಮೂವರಿಗೆ ಮೂರು ಅರ್ಜಿ, ಮತ್ತು ಹಿಂದಿರುಗುವ ದಿನಾಂಕ ಬರೆಯುವುದನ್ನು ಮರೆಯಬೇಡಿ.